ಬೆಳಕು ಮತ್ತು ಪರಮಾಣು: ಕರ್ನಾಟಕದ ಒಂದು ಸಂಶೋಧನಾ ಪರಂಪರೆ

ಪರಮಾಣು ಬೆಳಕನ್ನು ಹೀರುವ, ಸೂಸುವ ಬಗೆಯನ್ನು ಪರಮಾಣು ಭೌತವಿಜ್ಞಾನ ಅಳೆಯುತ್ತದೆ. ಆ ಬೆಳಕಿನ ಕ್ವಾಂಟಮ್ ಸ್ವರೂಪವನ್ನು ಕ್ವಾಂಟಮ್ ದ್ಯುತಿವಿಜ್ಞಾನ ವಿವರಿಸುತ್ತದೆ. ಇವೆರಡರ ಕೂಡುದಾರಿಗೆ ಒಯ್ಯುವ ಕೆಲಸ ಕರ್ನಾಟಕದಲ್ಲಿ 1930ರ ದಶಕದಿಂದಲೂ ನಡೆದುಬಂದಿದೆ. ಕ್ವಾಂಟಮ್ ಎಂದರೆ ಕಂಪ್ಯೂಟರ್, ಅದರ ಚರಿತ್ರೆ 2023ರ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಿಂದ ಶುರು ಎಂಬ ಈಚಿನ ಗ್ರಹಿಕೆ ಈ ಪರಂಪರೆಯ ಬಹುಭಾಗವನ್ನು ಮರೆಮಾಡುತ್ತದೆ.

ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಎನ್.ಎಸ್. ನಾಗೇಂದ್ರನಾಥ್ ಜೊತೆ 1935–36ರಲ್ಲಿ ಅವರು ಬರೆದ ಲೇಖನಮಾಲೆ, ಶ್ರವಣಾತೀತ ಅಲೆಗಳು ಹಾಯುತ್ತಿರುವ ದ್ರವದಲ್ಲಿ ಬೆಳಕು ಹಲವು ಕಿರಣಗಳಾಗಿ ಕವಲೊಡೆಯುವ ಬಗೆಯನ್ನು ವಿವರಿಸಿತು. ಶಬ್ದದ ಅಲೆಯಿಂದ ಲೇಸರ್‌ನ ಆವರ್ತನ ಬದಲಿಸುವ ಉಪಕರಣ ಇಂದು ಶೀತ ಪರಮಾಣುಗಳ ಪ್ರಯೋಗಾಲಯಗಳಲ್ಲಿ ದಿನಬಳಕೆಯದು. ಅದೂ ಇದೇ ಭೌತವಿಜ್ಞಾನವನ್ನು ಆಧರಿಸಿದೆ. 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು.

ಎಸ್. ಪಂಚರತ್ನಂ ಕೆಲಸ ಶುರುಮಾಡಿದ್ದು ಅಲ್ಲಿಯೇ. ಐಯೊಲೈಟ್‌ನಂತಹ ಬೆಳಕು ಹೀರುವ ಹರಳುಗಳನ್ನು ಅವರು ಮೊದಲು ಪರೀಕ್ಷಿಸಿದರು. 1956ರಲ್ಲಿ ಬೇರೆಬೇರೆ ಧ್ರುವೀಕರಣದ ಎರಡು ಕಿರಣಗಳು ಒಂದೇ ಪ್ರಾವಸ್ಥೆಯಲ್ಲಿವೆ ಎಂದು ಯಾವಾಗ ಹೇಳಬಹುದು ಎಂಬ ಪ್ರಶ್ನೆ ಎತ್ತಿದರು: ಕಿರಣಗಳನ್ನು ಕೂಡಿಸಿದಾಗ ತೀವ್ರತೆ ಗರಿಷ್ಠವಾದರೆ ಅವು ಸಮಪ್ರಾವಸ್ಥೆಯಲ್ಲಿವೆ. ಈ ವ್ಯಾಖ್ಯೆಯಂತೆ ಮೂರು ಧ್ರುವೀಕರಣಗಳನ್ನು ಸುತ್ತಿ ಮೊದಲಿನದಕ್ಕೆ ಮರಳಿದರೆ ಒಂದಿಷ್ಟು ಪ್ರಾವಸ್ಥೆ ಉಳಿಯುತ್ತದೆ. ಪ್ರತಿ ಧ್ರುವೀಕರಣವನ್ನೂ ಒಂದು ಬಿಂದುವಾಗಿ ತೋರಿಸುವ ಪ್ವಾಂಕಾರೆ ಗೋಳದ ಮೇಲೆ ಆ ದಾರಿ ಆವರಿಸಿದ ಘನಕೋನದ ಅರ್ಧದಷ್ಟು ಅದರ ಅಳತೆ. ಮೈಕಲ್ ಬೆರಿ 1984ರಲ್ಲಿ ಕ್ವಾಂಟಮ್ ವ್ಯವಸ್ಥೆಗಳಲ್ಲಿ ಇದೇ ಬಗೆಯ ಪ್ರಾವಸ್ಥೆಯನ್ನು ತೋರಿಸಿದ ಬಳಿಕ, ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ 1986ರಲ್ಲಿ ಪಂಚರತ್ನಂ ಅವರ ಕೆಲಸದತ್ತ ಗಮನ ಸೆಳೆದರು.

ಪಂಚರತ್ನಂ ಅವರನ್ನು ಬೆರಿಯ ಪೂರ್ವಸೂರಿ ಎಂದಷ್ಟೇ ನೆನೆಯುವುದು ರೂಢಿ. ಆದರೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಕಲಿಸಿ ಆಕ್ಸ್‌ಫರ್ಡ್‌ಗೆ ಹೋದ ಮೇಲೆ ಅವರು ತೊಡಗಿದ್ದು ಪರಮಾಣು ಭೌತವಿಜ್ಞಾನದಲ್ಲಿ. ಬೆಳಕು ಬಿದ್ದಾಗ ಪರಮಾಣುವಿನ ಶಕ್ತಿಮಟ್ಟಗಳು ಅಲ್ಪಸ್ವಲ್ಪ ಜರುಗುತ್ತವೆ. ಈ ಜರುಗುವಿಕೆಯನ್ನು ವಕ್ರೀಭವನದ ಸಿದ್ಧಾಂತದೊಂದಿಗೆ ಬೆಸೆದ ಅವರ ಪ್ರಬಂಧ 1966ರದು. ಲೇಸರ್ ಕಿರಣದಲ್ಲೇ ಪರಮಾಣುಗಳನ್ನು ಹಿಡಿದಿಡುವ ತಂತ್ರಕ್ಕೆ ಇದೇ ಪರಿಣಾಮ ಆಧಾರ. ರುಬಿಡಿಯಂ ಗಡಿಯಾರದ ನಿಖರತೆಗೆ ಇದೇ ಅಡ್ಡಿ. 1969ರಲ್ಲಿ, 35ರ ವಯಸ್ಸಿನಲ್ಲಿ ಅವರು ತೀರಿಕೊಂಡದ್ದರಿಂದ ಈ ಎಳೆ ಕರ್ನಾಟಕಕ್ಕೆ ಮರಳಲಿಲ್ಲ.

ಧ್ರುವೀಕರಣದ ಎಳೆ ಮಾತ್ರ ಬಲವಾಗಿಯೇ ಮುಂದುವರಿಯಿತು. ಜೋಸೆಫ್ ಸ್ಯಾಮ್ಯುಯೆಲ್ ಮತ್ತು ರಾಜೇಂದ್ರ ಭಂಡಾರಿ 1988ರಲ್ಲಿ ಇಂಥ ಜ್ಯಾಮಿತೀಯ ಪ್ರಾವಸ್ಥೆಗೆ ವಿಶಾಲವಾದ ನೆಲೆ ಒದಗಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಮುಕುಂದ, ಕ್ವಾಂಟಮ್ ದ್ಯುತಿವಿಜ್ಞಾನದ ಬುನಾದಿ ಸಿದ್ಧಾಂತವೊಂದನ್ನು 1963ರಲ್ಲಿ ಕೊಟ್ಟ ಇ.ಸಿ.ಜಿ. ಸುದರ್ಶನ್ ಅವರ ಶಿಷ್ಯರು. ಯಾವ ಧ್ರುವೀಕರಣ ಬದಲಾವಣೆಯನ್ನಾದರೂ ಮೂರು ವೇವ್ ಪ್ಲೇಟ್‌ಗಳಿಂದ ಸಾಧಿಸಬಹುದೆಂದು ಅವರೂ ಆರ್. ಸೈಮನ್ ಅವರೂ ತೋರಿಸಿದರು. ಈ ಜೋಡಣೆ ಇಂದು ಫೋಟಾನ್‌ಗಳ ಪ್ರಯೋಗಗಳಲ್ಲಿ ಸಾಮಾನ್ಯ.

ಪ್ರಾಯೋಗಿಕ ಪರಮಾಣು ಭೌತವಿಜ್ಞಾನ ಲೇಸರ್ ಶೀತಲೀಕರಣದೊಂದಿಗೆ ಮತ್ತೆ ಚಿಗುರಿತು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಾದಿಕ್ ರಂಗ್ವಾಲಾ ಅವರ ತಂಡ ರುಬಿಡಿಯಂ ಅಯಾನುಗಳನ್ನು ಶೀತ ರುಬಿಡಿಯಂ ಪರಮಾಣುಗಳ ನಡುವೆ ಬಂಧಿಸಿತು. ಬಿಸಿ ಅಯಾನು ಪಕ್ಕದ ತಣ್ಣನೆಯ ಪರಮಾಣುವಿನಿಂದ ಎಲೆಕ್ಟ್ರಾನ್ ಪಡೆದರೆ, ತಣ್ಣನೆಯದೇ ಅಯಾನಾಗಿ ಉಳಿಯುತ್ತದೆ. ಅಯಾನುಗಳು ಹೀಗೂ ತಣಿಯುತ್ತವೆಂಬುದು 2012ರಲ್ಲಿ ಪ್ರಕಟವಾದ ಫಲಿತಾಂಶ. ಭಾರತೀಯ ಖಭೌತ ಸಂಸ್ಥೆಯಲ್ಲಿ ಬಿ.ಪಿ. ದಾಸ್ ಅವರ ತಂಡ ಭಾರವಾದ ಪರಮಾಣುಗಳ ಸಾಪೇಕ್ಷತಾ ಲೆಕ್ಕಾಚಾರವನ್ನು ಬೆಳೆಸಿತು.

ಇಲ್ಲಿ ಹೆಸರಿಸಿದ ಸಂಶೋಧನಾ ಸಂಸ್ಥೆಗಳೆಲ್ಲ ಬೆಂಗಳೂರಿನವು. 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ಕಂಪ್ಯೂಟಿಂಗ್ ಕೇಂದ್ರವೂ ಭಾರತೀಯ ವಿಜ್ಞಾನ ಸಂಸ್ಥೆಗೇ ದಕ್ಕಿದೆ. ಪಕ್ಕದ ತುಮಕೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆಯ ಜಾಗ ಇಸ್ರೋ ಕೈಸೇರಿದೆ; ಆ ಇಸ್ರೋ 2023ರಲ್ಲಿ ಉಡಾಯಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ. ಅಂಥ ಗಡಿಯಾರದ ಭೌತವಿಜ್ಞಾನವನ್ನು ಕೈಯಾರೆ ಕಲಿಯುವ ಅವಕಾಶ 2004ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾನಿಲಯಕ್ಕೆ, ಗುಬ್ಬಿ, ಕುಣಿಗಲ್‌ಗಳ ಪದವಿ ಕಾಲೇಜುಗಳಿಗೆ ತಲುಪಬೇಕಾಗಿದೆ. ಪಂಚರತ್ನಂ ಪ್ರಾವಸ್ಥೆಯನ್ನು ಅಳೆಯಲು ಒಂದು ಸಣ್ಣ ಲೇಸರ್, ವ್ಯತಿಕರಣಮಾಪಕ, ಪೋಲರಾಯ್ಡ್ ಹಾಗೂ ಕೆಲವು ವೇವ್ ಪ್ಲೇಟ್‌ಗಳು ಸಾಕು. ಬಿ.ಎಸ್ಸಿ. ಪ್ರಯೋಗಪಟ್ಟಿಯಲ್ಲಿ ಇದಕ್ಕೆ ಜಾಗ ದೊರೆತರೆ, ಕ್ಷೇತ್ರದ ಮುಂದಿನ ತಲೆಮಾರು ಬೆಂಗಳೂರಿನಾಚೆಯೂ ತಯಾರಾಗುತ್ತದೆ.