ಕಾವಲುಗಾರನೊಬ್ಬನೇ ಸಾಕೆ?

ಮನೆಗೆ ಹೊಸ ಕಂಪ್ಯೂಟರ್ ಬಂದೊಡನೆ ಅದರ ಜೊತೆಗೊಂದು ಆಂಟಿವೈರಸ್ ತಂತ್ರಾಂಶವನ್ನೂ ಹಾಕಿಸುವ ರೂಢಿ ನಮ್ಮಲ್ಲಿ ದಶಕಗಳಿಂದ ಇದೆ. ವರ್ಷಕ್ಕೊಮ್ಮೆ ಹಣ ಕಟ್ಟಿ ಅದನ್ನು ನವೀಕರಿಸಿಬಿಟ್ಟರೆ ಮಕ್ಕಳ ಪಾಠ, ಮದುವೆಯ ಫೋಟೊಗಳು, ಬ್ಯಾಂಕಿನ ವ್ಯವಹಾರ ಎಲ್ಲವೂ ಭದ್ರ ಎಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ? ಆಂಟಿವೈರಸ್‌ನ ಇತಿಹಾಸವನ್ನು ತಿರುವಿ ಹಾಕಿದರೆ ಕುತೂಹಲದ ಸಂಗತಿಯೊಂದು ಕಾಣುತ್ತದೆ. ಈ ಕಾವಲುಗಾರ ಮಾರುಕಟ್ಟೆಗೆ ಬರುವ ಮೊದಲೇ ಅವನ ಮಿತಿ ಏನೆಂಬುದನ್ನು ಗಣಿತ ಹೇಳಿಬಿಟ್ಟಿತ್ತು.

1983ರ ನವೆಂಬರ್‌ನಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡ್ ಕೊಹೆನ್ ಒಂದು ಪ್ರಯೋಗ ನಡೆಸಿದರು. ತನ್ನ ಪ್ರತಿಯನ್ನು ಬೇರೆ ಪ್ರೋಗ್ರಾಂಗಳೊಳಗೆ ತಾನೇ ಸೇರಿಸುತ್ತ ಹೋಗುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದು, ಹಲವರು ಬಳಸುತ್ತಿದ್ದ ಕಂಪ್ಯೂಟರಿನಲ್ಲಿ ಐದು ಬಾರಿ ಬಿಟ್ಟು ನೋಡಿದರು. ಐದೂ ಸಲ ಒಂದು ಗಂಟೆಯೊಳಗೆ ಇಡೀ ವ್ಯವಸ್ಥೆಯ ಹಿಡಿತ ಅದನ್ನು ಬಿಟ್ಟವರ ಕೈಗೆ ಬಂತು. ಇಂಥ ಪ್ರೋಗ್ರಾಂಗೆ ‘ವೈರಸ್’ ಎಂಬ ಹೆಸರು ಸೂಚಿಸಿದವರು ಕೊಹೆನ್ ಅವರ ಗುರು ಲಿಯೊನಾರ್ಡ್ ಏಡಲ್‌ಮನ್.

ಮರುವರ್ಷದ ಪ್ರಬಂಧದಲ್ಲಿ ಕೊಹೆನ್ ಇನ್ನೂ ಮುಖ್ಯವಾದ ಮಾತೊಂದನ್ನು ಸಾಧಿಸಿ ತೋರಿಸಿದರು. ಯಾವುದೇ ಪ್ರೋಗ್ರಾಂ ಅನ್ನು ನೋಡಿ ಅದು ವೈರಸ್ ಹೌದೋ ಅಲ್ಲವೋ ಎಂದು ಎಂದೂ ತಪ್ಪದೆ ಹೇಳಬಲ್ಲ ಪರೀಕ್ಷಕ ಇರಲು ಸಾಧ್ಯವೇ ಇಲ್ಲ ಎಂಬುದು ಆ ಮಾತು. ಅಂಥ ಪರೀಕ್ಷಕ ಇದ್ದಾನೆಂದೇ ಇಟ್ಟುಕೊಳ್ಳೋಣ. ಆಗ ಕಿಡಿಗೇಡಿಯೊಬ್ಬ ಹೀಗೊಂದು ಪ್ರೋಗ್ರಾಂ ಬರೆಯಬಹುದು: ಅದು ಮೊದಲು ಆ ಪರೀಕ್ಷಕನನ್ನೇ ‘ನಾನು ವೈರಸ್ಸೇ?’ ಎಂದು ಕೇಳುತ್ತದೆ. ‘ಹೌದು’ ಎಂದರೆ ಏನೂ ಮಾಡದೆ ಸುಮ್ಮನಿರುತ್ತದೆ. ‘ಅಲ್ಲ’ ಎಂದರೆ ಹರಡತೊಡಗುತ್ತದೆ. ಪರೀಕ್ಷಕ ಏನು ಹೇಳಿದರೂ ಅದು ಸುಳ್ಳಾಗುತ್ತದೆ. ಅಂದರೆ ಪರಿಪೂರ್ಣ ಆಂಟಿವೈರಸ್ ಇನ್ನೂ ತಯಾರಾಗಿಲ್ಲ ಎಂದಲ್ಲ, ಅದು ತಯಾರಾಗುವಂತೆಯೇ ಇಲ್ಲ.

ಲಾಹೋರಿನಿಂದ ಬಂದ ಫ್ಲಾಪಿ

ಇಷ್ಟೆಲ್ಲ ಪ್ರಯೋಗಾಲಯದ ಮಾತಾಯಿತು. 1986ರಲ್ಲಿ ಪಾಕಿಸ್ತಾನದ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಸೋದರರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಗಳ ಮೂಲಕ ದೇಶದೇಶಗಳಿಗೆ ಹರಡಿತು. ತಮ್ಮ ತಂತ್ರಾಂಶದ ಕಳ್ಳಪ್ರತಿ ಮಾಡುವವರನ್ನು ಪತ್ತೆ ಹಚ್ಚುವುದಷ್ಟೇ ಉದ್ದೇಶವಾಗಿತ್ತೆಂದು ಅವರು ಹೇಳಿಕೊಂಡರು. ವೈರಸ್ಸಿನೊಳಗೆ ತಮ್ಮ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನೂ ಬರೆದಿದ್ದರು! ಆ ನಂತರ ಬಂದವರು ಅಷ್ಟು ಮುಗ್ಧರಾಗಿರಲಿಲ್ಲ.

ರೋಗ ಬಂದ ಮೇಲೆ ಔಷಧಿಯ ಅಂಗಡಿಗಳೂ ತೆರೆದವು. 1987ರಲ್ಲಿ ಜಾನ್ ಮೆಕಾಫಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಕಂಪನಿ ಆರಂಭಿಸಿದರು. ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯಿಂದ ಬದುಕು ಕಟ್ಟಿಕೊಂಡಿದ್ದ ಕೈಲಾಶ್ ಕಾಟ್ಕರ್, ತಮ್ಮ ಸಂಜಯ್ ಅವರೊಡನೆ 1990ರ ದಶಕದಲ್ಲಿ ‘ಕ್ವಿಕ್ ಹೀಲ್’ ರೂಪಿಸಿದರು.

ಈ ತಂತ್ರಾಂಶಗಳು ಕೆಲಸ ಮಾಡುತ್ತಿದ್ದ ಬಗೆ ಪೊಲೀಸ್ ಠಾಣೆಯ ಗೋಡೆಗೆ ಹಳೆ ಕಳ್ಳರ ಫೋಟೊ ಅಂಟಿಸಿದಂತೆ. ಸಿಕ್ಕಿಬಿದ್ದ ಪ್ರತಿ ವೈರಸ್ಸಿನ ವಿಶಿಷ್ಟ ಗುರುತೊಂದನ್ನು ಪಟ್ಟಿಗೆ ಸೇರಿಸಿಟ್ಟುಕೊಂಡು, ಕಂಪ್ಯೂಟರಿನ ಕಡತಗಳಲ್ಲಿ ಆ ಗುರುತನ್ನು ಹುಡುಕುವುದು ಅದರ ಕೆಲಸ. ಹಳೆಯ ಕಳ್ಳನನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಆದರೆ ಹೊಸಬನ ಫೋಟೊ ಗೋಡೆಗೇರಬೇಕಾದರೆ ಮೊದಲು ಅವನು ಯಾರದೋ ಮನೆಗೆ ಕನ್ನ ಹಾಕಿರಲೇಬೇಕು. ಒಂದು ಹೆಜ್ಜೆ ಹಿಂದಿರುವುದು ಈ ವಿಧಾನದ ಸ್ವಭಾವ.

ಬಾಗಿಲು ತೆರೆದವರು ಯಾರು?

2000ದ ಮೇ 4ರಂದು ಜಗತ್ತಿನಾದ್ಯಂತ ಇ-ಮೇಲ್ ಪೆಟ್ಟಿಗೆಗಳಿಗೆ ‘ಐ ಲವ್ ಯೂ’ ಎಂಬ ಶೀರ್ಷಿಕೆಯ ಪತ್ರ ಬಂತು. ಜೊತೆಗಿದ್ದ ಲಗತ್ತು ಪ್ರೇಮಪತ್ರದಂತೆ ಕಾಣುತ್ತಿತ್ತು. ವಿಂಡೋಸ್ ಕಡತದ ಹೆಸರಿನ ಕೊನೆಯ ಭಾಗವನ್ನು ಮರೆಮಾಡುತ್ತಿದ್ದುದರಿಂದ, ಅದು ಪ್ರೋಗ್ರಾಂ ಎಂಬುದು ಹೆಚ್ಚಿನವರಿಗೆ ತಿಳಿಯಲಿಲ್ಲ. ತೆರೆದೊಡನೆ ಅದು ಕಂಪ್ಯೂಟರಿನಲ್ಲಿದ್ದ ಚಿತ್ರಗಳನ್ನು ಅಳಿಸಿ, ಔಟ್‌ಲುಕ್ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದೇ ಪತ್ರ ಕಳಿಸುತ್ತಿತ್ತು. ಬ್ರಿಟಿಷ್ ಸಂಸತ್ತು ತನ್ನ ಇ-ಮೇಲ್ ವ್ಯವಸ್ಥೆಯನ್ನೇ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಅದನ್ನು ಬರೆದ ಫಿಲಿಪೀನ್ಸಿನ ಯುವಕನನ್ನು ಶಿಕ್ಷಿಸಲು ಅಲ್ಲಿ ಆಗ ಸೂಕ್ತ ಕಾನೂನೇ ಇರಲಿಲ್ಲ.

ಇಲ್ಲಿ ಕಳ್ಳ ಬೀಗ ಮುರಿಯಲಿಲ್ಲ. ಪರಿಚಿತರ ಹೆಸರಿನಲ್ಲಿ ಬಂದು ಕದ ತಟ್ಟಿದ, ಮನೆಯವರೇ ತೆರೆದರು. ಕಂಪನಿಗಳು ಅವನ ಗುರುತನ್ನು ಪಟ್ಟಿಗೆ ಸೇರಿಸುವ ಹೊತ್ತಿಗೆ ಅವನು ಖಂಡಾಂತರ ದಾಟಿದ್ದ.

ಹಿತ್ತಿಲ ಕದ

ಬಳಕೆದಾರ ಏನೂ ತಪ್ಪು ಮಾಡದಿದ್ದರೆ ಸಾಕೇ? 2003ರ ಆಗಸ್ಟ್ 11ರಂದು ಕಾಣಿಸಿಕೊಂಡ ‘ಬ್ಲಾಸ್ಟರ್’ ಆ ಸಮಾಧಾನವನ್ನೂ ಕಿತ್ತುಕೊಂಡಿತು. ಇ-ಮೇಲ್ ತೆರೆಯಬೇಕಿರಲಿಲ್ಲ, ಫ್ಲಾಪಿ ಹಾಕಬೇಕಿರಲಿಲ್ಲ. ಇಂಟರ್‌ನೆಟ್ ಸಂಪರ್ಕ ಇದ್ದರೆ ಸಾಕು, ವಿಂಡೋಸ್‌ನೊಳಗಿನ ದೋಷವೊಂದರ ಮೂಲಕ ಅದು ನುಸುಳುತ್ತಿತ್ತು. ಪರದೆಯ ಮೇಲೆ ಅರವತ್ತು ಸೆಕೆಂಡುಗಳ ಎಣಿಕೆ ಮೂಡಿ ಕಂಪ್ಯೂಟರ್ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಆಂಟಿವೈರಸ್ ಹುಳುವನ್ನು ತೆಗೆದುಹಾಕಿದರೂ ಮತ್ತೆ ಸಂಪರ್ಕ ಪಡೆದೊಡನೆ ಅದೇ ಬಿರುಕಿನಿಂದ ಅದು ಒಳಬರುತ್ತಿತ್ತು. ಗುಡಿಸಿದರೆ ಪ್ರಯೋಜನವಿಲ್ಲ, ಬಿರುಕು ಮುಚ್ಚಬೇಕು. ಆ ಬಿರುಕಿಗೆ ಬೇಕಾದ ತೇಪೆಯನ್ನು, ಅಂದರೆ ‘ಪ್ಯಾಚ್’ ಅನ್ನು, ಮೈಕ್ರೋಸಾಫ್ಟ್ ಜುಲೈ 16ರಂದೇ ಕೊಟ್ಟಿತ್ತು. ಹಾಕಿಕೊಂಡವರು ಕಡಿಮೆ. 2004ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್, ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಸದಾ ಚಾಲೂ ಇರುವಂತೆ ಮಾಡಿತು. ಮನೆ ಕಂಪ್ಯೂಟರಿನ ರಕ್ಷಣೆಯಲ್ಲಿ ಇದು ದೊಡ್ಡ ಹೆಜ್ಜೆ. ಇದು ಆಂಟಿವೈರಸ್‌ನ ಕೊಡುಗೆಯಾಗಿರಲಿಲ್ಲ ಎಂಬುದು ಗಮನಾರ್ಹ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಈ ಕಥೆ 2017ರ ಮೇ 12ರಂದು ಮರುಕಳಿಸಿತು. ‘ವಾನಾಕ್ರೈ’ ಎಂಬ ಪಿಡುಗು ಕಡತಗಳಿಗೆಲ್ಲ ಬೀಗ ಜಡಿದು, ಕೀಲಿಗಾಗಿ ಮುನ್ನೂರು ಡಾಲರ್ ಒತ್ತೆಹಣ ಕೇಳಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳಿಗೂ ಅದು ತಗುಲಿತು. ಆ ದೋಷದ ತೇಪೆ ಬಂದು ಆಗಲೇ ಎರಡು ತಿಂಗಳಾಗಿತ್ತು. ವೈರಸ್ಸನ್ನು ಓಡಿಸಿದರೂ ಬೀಗ ಬಿದ್ದ ಕಡತಗಳು ತೆರೆಯಲಿಲ್ಲ. ಬೇರೆಡೆ ಪ್ರತಿ ಇಟ್ಟುಕೊಂಡಿದ್ದವರು ನಿಟ್ಟುಸಿರು ಬಿಟ್ಟರು.

ಚಾಪೆ ಮತ್ತು ರಂಗೋಲಿ

ಆಂಟಿವೈರಸ್ ತಯಾರಕರು ಕೈಕಟ್ಟಿ ಕೂತಿರಲಿಲ್ಲ. ಮುಖ ನೋಡುವುದರ ಜೊತೆಗೆ ನಡತೆಯನ್ನೂ ನೋಡುವ ವಿಧಾನಗಳು ಬಂದವು. ಪ್ರೋಗ್ರಾಂ ಒಂದು ಹಠಾತ್ತನೆ ಸಾವಿರಾರು ಕಡತಗಳನ್ನು ತಿದ್ದತೊಡಗಿದರೆ ಇಂದಿನ ತಂತ್ರಾಂಶ ಅನುಮಾನಿಸಿ ತಡೆಯಬಲ್ಲುದು. ಆದರೆ ಇವರು ಚಾಪೆಯ ಕೆಳಗೆ ತೂರಿದರೆ ವೈರಸ್ ಬರೆಯುವವರು ರಂಗೋಲಿಯ ಕೆಳಗೆ ತೂರಿದರು. ತಮ್ಮ ಕೃತಿಯನ್ನು ಪ್ರಚಲಿತ ಆಂಟಿವೈರಸ್‌ಗಳೆದುರು ಪರೀಕ್ಷಿಸಿ, ಸಿಕ್ಕಿಬೀಳದಂತೆ ತಿದ್ದಿದ ಮೇಲೆಯೇ ಹೊರಬಿಡುವುದು ಅವರಲ್ಲಿ ಸಾಮಾನ್ಯವಾಯಿತು. 2014ರಲ್ಲಿ ಸಿಮ್ಯಾಂಟೆಕ್ ಕಂಪನಿಯ ಹಿರಿಯ ಅಧಿಕಾರಿ ಬ್ರಯಾನ್ ಡೈ ಅವರೇ, ಆಂಟಿವೈರಸ್ ಸುಮಾರು ಶೇಕಡ 45ರಷ್ಟು ದಾಳಿಗಳನ್ನು ಮಾತ್ರ ಹಿಡಿಯುತ್ತದೆಂದು ಪತ್ರಿಕೆಯೊಂದಕ್ಕೆ ಹೇಳಿದ್ದರು. ಅದನ್ನೇ ಮಾರುವವರ ಬಾಯಿಂದ ಬಂದ ಮಾತೆಂಬುದರಿಂದ ಅದಕ್ಕೆ ತೂಕ ಹೆಚ್ಚು.

ಕಾವಲು ಅತಿಯಾದರೂ ಕಷ್ಟವೇ. 2010ರ ಏಪ್ರಿಲ್ 21ರಂದು ಮೆಕಾಫಿ ಕಂಪನಿಯ ಪಟ್ಟಿಯೊಂದು ವಿಂಡೋಸ್ ಎಕ್ಸ್‌ಪಿಯ ಅಗತ್ಯ ಕಡತವನ್ನೇ ವೈರಸ್ ಎಂದು ತಪ್ಪಾಗಿ ತಿಳಿದು ತೆಗೆದುಹಾಕಿ, ಅಸಂಖ್ಯ ಕಂಪ್ಯೂಟರ್‌ಗಳನ್ನು ಕೆಡಿಸಿತ್ತು. ಕೊಹೆನ್ ಹೇಳಿದ ಪರೀಕ್ಷಕನ ತೊಡಕು ಇದೇ. ಸಡಿಲಬಿಟ್ಟರೆ ಕಳ್ಳ ನುಸುಳುತ್ತಾನೆ, ಬಿಗಿ ಮಾಡಿದರೆ ಮನೆಯವರೇ ಸಿಕ್ಕಿಬೀಳುತ್ತಾರೆ.

ಈಚಿನ ವಂಚನೆಗಳಲ್ಲಂತೂ ವೈರಸ್ಸೇ ಬೇಕಾಗಿಲ್ಲ. ಬ್ಯಾಂಕಿನವರೆಂದೋ ಪೊಲೀಸರೆಂದೋ ಫೋನ್ ಮಾಡಿದವನು, ದೂರದಿಂದ ಕಂಪ್ಯೂಟರ್ ನಡೆಸಲು ನೆರವಾಗುವ ಸಾಚಾ ಪ್ರೋಗ್ರಾಂ ಒಂದನ್ನು ಹಾಕಿಕೊಳ್ಳಲು ಹೇಳುತ್ತಾನೆ. ಮನೆಯೊಡೆಯರೇ ಒಪ್ಪಿಗೆ ಕೊಟ್ಟ ಸಾಚಾ ಪ್ರೋಗ್ರಾಂ ಅನ್ನು ಆಂಟಿವೈರಸ್ ಏಕೆ ತಡೆದೀತು? ನಿವೃತ್ತರ ಜೀವಮಾನದ ಉಳಿತಾಯ ಹೀಗೆ ಹಾಡಹಗಲೇ ಹೋಗುತ್ತಿದೆ. ಇದಕ್ಕಿರುವ ಮದ್ದು ಫೋನ್ ಕೆಳಗಿಡುವುದು, ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡುವುದು.

ಹಾಗೆಂದು ಆಂಟಿವೈರಸ್ ತೆಗೆದುಹಾಕಬೇಕೆಂದಲ್ಲ. ಹಳೆಯ ಕಳ್ಳರೇ ಇಂದಿಗೂ ಹೆಚ್ಚು ಅಲೆದಾಡುತ್ತಿರುವುದರಿಂದ ಅದು ಬೇಕೇ ಬೇಕು. 2012ರ ವಿಂಡೋಸ್ 8ರಿಂದ ಈಚೆಗೆ ಅದು ವಿಂಡೋಸ್ ಜೊತೆಗೇ ಬರುತ್ತಿದೆ. ಆದರೆ ಇತಿಹಾಸ ಹೇಳುವಂತೆ ದೊಡ್ಡ ಅನಾಹುತಗಳಲ್ಲಿ ಮನೆ ಉಳಿಸಿದ್ದು ಬೇರೆಯೇ ಅಭ್ಯಾಸಗಳು: ತೇಪೆ ಬಂದೊಡನೆ ಹಾಕಿಕೊಳ್ಳುವುದು, ಬೇಕಾದ ಕಡತಗಳ ಪ್ರತಿಯನ್ನು ಕಂಪ್ಯೂಟರಿಗೆ ಜೋಡಿಸದ ಬೇರೊಂದು ಡಿಸ್ಕಿನಲ್ಲಿ ಇಡುವುದು, ಕೇಳದೆ ಬಂದ ಪತ್ರವನ್ನೂ ಕರೆಯನ್ನೂ ಅನುಮಾನಿಸುವುದು. ತೇಪೆ ಸಿಗದ ಹಳೆಯ ವ್ಯವಸ್ಥೆಯಲ್ಲಿ ಎಂಥ ಆಂಟಿವೈರಸ್ ಇದ್ದರೂ ಅದು ಗೋಡೆ ಕುಸಿದ ಮನೆಗೆ ಕಾವಲಿಟ್ಟಂತೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನು ಹಳೆಯ ಕಂಪ್ಯೂಟರ್ ಇಟ್ಟುಕೊಂಡವರು ನೆನಪಿಡಬೇಕು.

ಕಾವಲುಗಾರನನ್ನು ನೇಮಿಸಿಕೊಂಡ ಮಾತ್ರಕ್ಕೆ ಯಾರೂ ಹಿತ್ತಿಲ ಕದ ತೆರೆದಿಟ್ಟು ಮಲಗುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲೂ ಅಷ್ಟೇ ಎಚ್ಚರ ಸಾಕು.