ಉದ್ಯೋಗಸ್ಥರಿಗೆ ಹಾಗೂ ಹಿರಿಯ ನೌಕರರಿಗೆ ಗಣಕಯಂತ್ರ ಕೌಶಲ ತರಬೇತಿ: ಸಾರ್ವಜನಿಕ ಮಾಹಿತಿ
(ಉಗಾರ ಖುರ್ದ ಹಾಗೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಉದ್ಯೋಗಸ್ಥರಿಗಾಗಿ)

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಉಗಾರ ಖುರ್ದವು ಕೃಷ್ಣಾ ತೀರದ ಪಟ್ಟಣವಾಗಿದ್ದು, ಮಿರಜ–ಬೆಳಗಾವಿ ರೈಲುಮಾರ್ಗದಲ್ಲಿದೆ. 1939ರಲ್ಲಿ ಸ್ಥಾಪಿತವಾದ ಉಗಾರ ಸಕ್ಕರೆ ಕಾರ್ಖಾನೆಯಿಂದಾಗಿ ಈ ಊರು ತಲೆಮಾರುಗಳಿಂದ ಕಾರ್ಮಿಕರ ಊರೆನಿಸಿದೆ. ಸುತ್ತಲಿನ ತಾಲ್ಲೂಕುಗಳಲ್ಲಿಯೂ ಕಾರ್ಖಾನೆ, ಸಹಕಾರ ಸಂಘ, ಬ್ಯಾಂಕು, ಶಾಲೆ ಹಾಗೂ ಸರ್ಕಾರಿ ಕಚೇರಿಗಳಲ್ಲಿ ದುಡಿಯುವವರ ಸಂಖ್ಯೆ ದೊಡ್ಡದಾಗಿದೆ. ಇವರಲ್ಲಿ ಅನೇಕರು ಕೈಬರಹದ ವಹಿಗಳ ಕಾಲದಲ್ಲಿ ಸೇವೆಗೆ ಸೇರಿದವರು. ಇಂದು ಹಾಜರಾತಿ, ವೇತನ, ಭವಿಷ್ಯನಿಧಿ, ರಜೆ, ಪಿಂಚಣಿ ಇವೆಲ್ಲವೂ ಗಣಕಯಂತ್ರದ ಮೂಲಕವೇ ನಡೆಯುತ್ತಿವೆ.

ಗಣಕಯಂತ್ರದ ಅರಿವಿಲ್ಲದ ನೌಕರನು ಎರಡು ಬಗೆಯ ನಷ್ಟಕ್ಕೆ ಒಳಗಾಗುತ್ತಾನೆ. ಮೊದಲನೆಯದು, ಬಡ್ತಿ ಹಾಗೂ ವೇತನಬಡ್ತಿಯಲ್ಲಿ ಹಿಂದುಳಿಯುವುದು. ಎರಡನೆಯದು, ತನ್ನ ಗುಪ್ತಪದವನ್ನೂ ಹಣದ ಲೆಕ್ಕವನ್ನೂ ಅನ್ಯರ ಕೈಗೆ ಒಪ್ಪಿಸಬೇಕಾಗುವುದು. ಈ ಎರಡೂ ನಷ್ಟಗಳನ್ನು ತಪ್ಪಿಸಿಕೊಳ್ಳಲು ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

2. ಹಿನ್ನೆಲೆ: ಭೂಮಿ ಯೋಜನೆಯ ಅನುಭವ

ವಯಸ್ಸಾದ ಮೇಲೆ ಗಣಕಯಂತ್ರ ಕಲಿಯಲಾಗದು ಎಂಬ ಭಾವನೆ ಸರಿಯಲ್ಲವೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. 2000ದ ದಶಕದ ಆರಂಭದಲ್ಲಿ ಕಂದಾಯ ಇಲಾಖೆಯು ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ತಾಲ್ಲೂಕು ಕಚೇರಿಗಳ ಭೂಮಿ ಕೇಂದ್ರಗಳನ್ನು ನಡೆಸುವ ಹೊಣೆಯನ್ನು ಇಲಾಖೆಯ ಗ್ರಾಮ ಲೆಕ್ಕಿಗರಿಗೇ ತರಬೇತಿ ನೀಡಿ ವಹಿಸಲಾಯಿತು. ಅದುವರೆಗೆ ಪಹಣಿಯನ್ನು ಕೈಯಿಂದ ಬರೆದು ಕೊಡುತ್ತಿದ್ದವರೇ ಕೀಲಿಮಣೆಯ ಮುಂದೆ ಕುಳಿತರು.

ಈ ಅನುಭವದಿಂದ ತಿಳಿಯುವ ಸಂಗತಿಗಳು ಎರಡು. ಒಂದು, ಪಹಣಿಯ ಕಾಲಂಗಳ ಅರ್ಥವನ್ನು ಬಲ್ಲವನಿಗೆ ಯಂತ್ರವನ್ನು ಕಲಿಸುವುದು ಸಾಧ್ಯ. ವೃತ್ತಿಯ ಜ್ಞಾನವಿರುವ ಹಿರಿಯ ನೌಕರನಿಗೆ ಅರ್ಧ ಕಲಿಕೆ ಮೊದಲೇ ಆಗಿರುತ್ತದೆ. ಎರಡು, ಭೂಮಿ ವ್ಯವಸ್ಥೆಯಲ್ಲಿ ಸಿಬ್ಬಂದಿಯ ಪ್ರವೇಶಕ್ಕೆ ಬೆರಳಚ್ಚನ್ನು ಬಳಸಿದ್ದರಿಂದ ಯಾವ ದಾಖಲೆಯನ್ನು ಯಾರು ತಿದ್ದಿದರೆಂಬುದು ನಮೂದಾಗುತ್ತಿತ್ತು. ಗಣಕಯಂತ್ರದಲ್ಲಿ ಮಾಡಿದ ಕೆಲಸಕ್ಕೆ ಮಾಡಿದವನೇ ಹೊಣೆ ಎಂಬ ತತ್ವ ಇಂದಿಗೂ ಅನ್ವಯಿಸುತ್ತದೆ.

3. ರಾಜ್ಯ ಸರ್ಕಾರಿ ನೌಕರರು ಗಮನಿಸಬೇಕಾದ ನಿಯಮ

ಕರ್ನಾಟಕ ಸಿವಿಲ್ ಸೇವಾ (ಗಣಕಯಂತ್ರ ಸಾಕ್ಷರತಾ ಪರೀಕ್ಷೆ) ನಿಯಮಗಳು 2012ರಲ್ಲಿ ಜಾರಿಗೆ ಬಂದವು. ಈ ನಿಯಮಗಳ ವ್ಯಾಪ್ತಿಗೆ ಬರುವ ನೌಕರರ ಪರಿವೀಕ್ಷಣಾ ಅವಧಿಯ ಘೋಷಣೆ, ವೇತನಬಡ್ತಿ ಹಾಗೂ ಪದೋನ್ನತಿಗಳಿಗೆ ಪರೀಕ್ಷೆಯ ಉತ್ತೀರ್ಣತೆಯನ್ನು ಜೋಡಿಸಲಾಗಿದೆ. ಪರೀಕ್ಷೆಯನ್ನು ಕಿಯೋನಿಕ್ಸ್ ಸಂಸ್ಥೆಯ ಮೂಲಕ ಗಣಕಯಂತ್ರದ ಮೇಲೆಯೇ ನಡೆಸುವ ವ್ಯವಸ್ಥೆ ಮಾಡಲಾಯಿತು. ಉತ್ತೀರ್ಣರಾಗಲು ನೀಡಿದ್ದ ಕಾಲಮಿತಿಯನ್ನು ಸರ್ಕಾರವು ಹಲವು ಬಾರಿ ವಿಸ್ತರಿಸಿದೆ.

ವಿಸ್ತರಣೆಯನ್ನೇ ನೆಚ್ಚಿಕೊಂಡು ಪರೀಕ್ಷೆಯನ್ನು ಮುಂದೂಡುವುದು ನೌಕರರ ಹಿತಕ್ಕೆ ತಕ್ಕುದಲ್ಲ. ತಮ್ಮ ವೃಂದಕ್ಕೆ ನಿಯಮ ಅನ್ವಯಿಸುತ್ತದೆಯೇ, ವಯಸ್ಸು ಅಥವಾ ಹುದ್ದೆಯ ಕಾರಣದಿಂದ ವಿನಾಯಿತಿ ಇದೆಯೇ ಎಂಬುದನ್ನು ಕಚೇರಿಯ ಮುಖ್ಯಸ್ಥರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಉತ್ತೀರ್ಣರಾದ ಕೂಡಲೇ ಪ್ರಮಾಣಪತ್ರದ ಪ್ರತಿಯನ್ನು ಸಲ್ಲಿಸಿ, ಸೇವಾ ಪುಸ್ತಕದಲ್ಲಿ ನಮೂದಾಗಿರುವುದನ್ನು ಕಣ್ಣಾರೆ ನೋಡಿಕೊಳ್ಳತಕ್ಕದ್ದು.

4. ಕಲಿಕೆಯ ಕ್ರಮ

ಹೊಸದಾಗಿ ಕಲಿಯುವವರು ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

(ಅ) ಮೌಸ್ ಹಿಡಿಯುವುದು, ಕಡತವನ್ನು ತೆರೆಯುವುದು, ಉಳಿಸುವುದು ಹಾಗೂ ಉಳಿಸಿದ ಕಡತವನ್ನು ಮರಳಿ ಹುಡುಕುವುದು. ಹೊಸಬರು ಎಡವುವುದು ಹೆಚ್ಚಾಗಿ ಕೊನೆಯ ಅಂಶದಲ್ಲಿ. ಆದ್ದರಿಂದ ಕಡತಕ್ಕೆ ವಿಷಯ ಮತ್ತು ದಿನಾಂಕ ಸೇರಿಸಿ ಹೆಸರಿಡಬೇಕು.
(ಆ) ಕನ್ನಡ ಬೆರಳಚ್ಚು ಹಾಗೂ ಪತ್ರದ ಸಿದ್ಧತೆ.
(ಇ) ಲೆಕ್ಕದ ಹಾಳೆ, ಅಂದರೆ ಎಕ್ಸೆಲ್ ಮಾದರಿಯ ಕಡತಗಳು.
(ಈ) ಇ-ಮೇಲ್, ಜಾಲತಾಣದಲ್ಲಿ ಅರ್ಜಿ ಸಲ್ಲಿಕೆ ಹಾಗೂ ಸ್ವೀಕೃತಿಯನ್ನು ಕಾಯ್ದಿರಿಸುವುದು.

ಸಕ್ಕರೆ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಕಬ್ಬು ನುರಿಸುವ ಹಂಗಾಮಿನಲ್ಲಿ ಬಿಡುವು ದೊರೆಯುವುದು ಕಷ್ಟ. ಹಂಗಾಮು ಮುಗಿದ ನಂತರದ ತಿಂಗಳುಗಳನ್ನು ತರಬೇತಿಗೆ ಮೀಸಲಿಡುವುದು ಅನುಕೂಲಕರ. ವಾರಕ್ಕೊಮ್ಮೆ ನಾಲ್ಕು ಗಂಟೆ ಕುಳಿತುಕೊಳ್ಳುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯ ಅಭ್ಯಾಸ ಹೆಚ್ಚು ಫಲ ನೀಡುತ್ತದೆ.

5. ಕನ್ನಡ ಬೆರಳಚ್ಚು

ನುಡಿ ತಂತ್ರಾಂಶದಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಬಳಸಲಾಗಿದೆ. ಇದರ ಮೂಲಸೂತ್ರ ಸರಳವಾಗಿದೆ. 'ಕೆ' ಕೀಲಿಯಿಂದ ಕ, ಶಿಫ್ಟ್ ಹಿಡಿದು ಅದೇ ಕೀಲಿಯನ್ನು ಒತ್ತಿದರೆ ಖ. 'ಎಫ್' ಕೀಲಿಯು ಒತ್ತಕ್ಷರದ ಕೊಂಡಿ. ಉದಾಹರಣೆಗೆ, 'ಖುರ್ದ' ಎಂದು ಮೂಡಿಸಲು ಶಿಫ್ಟ್ ಸಹಿತ 'ಕೆ', ಬಳಿಕ 'ಯು', 'ಆರ್', 'ಎಫ್', 'ಡಿ' ಕೀಲಿಗಳನ್ನು ಕ್ರಮವಾಗಿ ಒತ್ತಬೇಕು. ಉಚ್ಚಾರಣೆಯ ಕ್ರಮದಲ್ಲಿಯೇ ಕೀಲಿಗಳನ್ನು ಒತ್ತುವುದರಿಂದ ಕನ್ನಡ ಕಾಗುಣಿತ ಬಲ್ಲ ಹಿರಿಯರು ಇದನ್ನು ಬೇಗ ಗ್ರಹಿಸುತ್ತಾರೆ.

ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಪತ್ರವು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳಂತೆ ಕಾಣುತ್ತದೆ. ಇದು ವೈರಸ್ ಅಲ್ಲ, ಕಡತ ಕೆಟ್ಟಿರುವುದೂ ಅಲ್ಲ. ಅಂತಹ ಕಡತವನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ಬದಲಿಸಿದರೆ ಓದಲು ಬರುತ್ತದೆ. ಹೊಸ ಪತ್ರಗಳನ್ನು ಯೂನಿಕೋಡಿನಲ್ಲಿಯೇ ಸಿದ್ಧಪಡಿಸತಕ್ಕದ್ದು.

6. ಲೆಕ್ಕದ ಹಾಳೆಯಲ್ಲಿ ವಹಿಸಬೇಕಾದ ಎಚ್ಚರ

ವೇತನಪಟ್ಟಿ, ಸದಸ್ಯರ ಪಟ್ಟಿ ಮುಂತಾದವುಗಳನ್ನು ಸಿದ್ಧಪಡಿಸುವಾಗ ಮೂರು ದೋಷಗಳು ಮತ್ತೆ ಮತ್ತೆ ಸಂಭವಿಸುತ್ತವೆ.

1) ಬ್ಯಾಂಕ್ ಖಾತೆ ಸಂಖ್ಯೆ ಸೊನ್ನೆಯಿಂದ ಆರಂಭವಾಗಿದ್ದರೆ ಆ ಸೊನ್ನೆ ಅಳಿಸಿಹೋಗುತ್ತದೆ.
2) ಎಕ್ಸೆಲ್ ತಂತ್ರಾಂಶವು ಸಂಖ್ಯೆಯ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಖಾತೆ ಸಂಖ್ಯೆ 16 ಅಂಕಿಗಳದ್ದಾಗಿದ್ದರೆ ಕೊನೆಯ ಅಂಕಿ ಸೊನ್ನೆಯಾಗಿ ಬದಲಾಗುತ್ತದೆ. ಇದರಿಂದ ಒಬ್ಬರ ವೇತನ ಬೇರೊಬ್ಬರ ಖಾತೆಗೆ ಸಂದಾಯವಾಗುವ ಅಥವಾ ಹಿಂದಿರುಗುವ ಸಂಭವವಿದೆ. ಪರಿಹಾರವೆಂದರೆ, ಸಂಖ್ಯೆ ತುಂಬುವ ಮೊದಲೇ ಆ ಕಾಲಮನ್ನು 'ಟೆಕ್ಸ್ಟ್' ಎಂದು ನಿಗದಿಪಡಿಸುವುದು. ತುಂಬಿದ ನಂತರ ಬದಲಿಸಿದರೆ ಕಳೆದ ಅಂಕಿ ಮರಳಿ ಬರುವುದಿಲ್ಲ.
3) ಯಂತ್ರದಲ್ಲಿ ಅಮೆರಿಕದ ದಿನಾಂಕ ಪದ್ಧತಿ ಇದ್ದರೆ 05-08-1968 ಎಂಬುದನ್ನು ಮೇ 8 ಎಂದು ಗ್ರಹಿಸುತ್ತದೆ. ಜನ್ಮದಿನಾಂಕದಲ್ಲಿನ ಇಂತಹ ದೋಷವು ನಿವೃತ್ತಿಯ ದಿನಾಂಕವನ್ನೂ ಪಿಂಚಣಿಯ ಲೆಕ್ಕವನ್ನೂ ಬದಲಿಸಬಲ್ಲದು. ತಿಂಗಳನ್ನು ಅಕ್ಷರಗಳಲ್ಲಿ ತೋರಿಸುವ ದಿನಾಂಕ ನಮೂನೆಯನ್ನು ಆರಿಸಿದಲ್ಲಿ ದೋಷ ಕೂಡಲೇ ಕಣ್ಣಿಗೆ ಬೀಳುತ್ತದೆ.

7. ಹೆಸರು, ಊರು ಹಾಗೂ ವಿಳಾಸದ ಏಕರೂಪತೆ

ಗಡಿಭಾಗದ ಈ ತಾಲ್ಲೂಕುಗಳಲ್ಲಿ ಒಂದೇ ಹೆಸರನ್ನು ಕನ್ನಡ, ಮರಾಠಿ ಹಾಗೂ ಇಂಗ್ಲಿಷಿನಲ್ಲಿ ಬರೆಯುವ ವಾಡಿಕೆಯಿದೆ. ಶಾಲಾ ದಾಖಲೆಯಲ್ಲಿ 'ಚವ್ಹಾಣ' ಎಂದಿರುವುದು ಆಧಾರ್‌ನಲ್ಲಿ 'ಚೌಹಾಣ' ಎಂದಾಗುವುದುಂಟು. ಮನುಷ್ಯನಿಗೆ ಇವೆರಡೂ ಒಂದೇ ಎಂದು ತೋರಿದರೂ ಗಣಕಯಂತ್ರಕ್ಕೆ ಬೇರೆ ಬೇರೆ ವ್ಯಕ್ತಿಗಳು. ಭವಿಷ್ಯನಿಧಿಯ ಹಣ ಪಡೆಯುವಾಗ ಇದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಗಬಹುದು.

ಊರಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಉಗಾರ ಖುರ್ದ ಹಾಗೂ ಉಗಾರ ಬುದ್ರುಕ ಬೇರೆ ಬೇರೆ ಊರುಗಳು. ಕಾಗವಾಡವು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗಿ ಕಾರ್ಯಾರಂಭ ಮಾಡಿದ್ದರಿಂದ ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ಅಥಣಿ ತಾಲ್ಲೂಕು ಎಂದಿರುತ್ತದೆ. ಅಂತೆಯೇ ಇಂಗ್ಲಿಷಿನಲ್ಲಿ 'ಬೆಲ್ಗಾಮ್' ಎಂದಿದ್ದ ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ 'ಬೆಳಗಾವಿ' ಎಂದಾಗಿದೆ. ಪಟ್ಟಿಯಲ್ಲಿ ಊರು ಕಾಣದಿದ್ದಲ್ಲಿ ಹಳೆಯ ತಾಲ್ಲೂಕಿನ ಅಡಿಯಲ್ಲಿಯೂ ಹುಡುಕಬೇಕು.

8. ಭವಿಷ್ಯನಿಧಿ ಹಾಗೂ ಪಿಂಚಣಿ: ಕಾರ್ಮಿಕರು ಸ್ವತಃ ಕಲಿಯಬೇಕಾದ ಕೆಲಸಗಳು

ಭವಿಷ್ಯನಿಧಿ ಸದಸ್ಯರಿಗೆ 2014ರಿಂದ 12 ಅಂಕಿಗಳ ಯುಎಎನ್ ಸಂಖ್ಯೆ ನೀಡಲಾಗುತ್ತಿದೆ. ಪ್ರತಿಯೊಬ್ಬ ಸದಸ್ಯರು ಈ ನಾಲ್ಕು ಕೆಲಸಗಳನ್ನು ತಾವೇ ಮಾಡಲು ಕಲಿಯತಕ್ಕದ್ದು:

1) ಪಾಸ್‌ಪುಸ್ತಕವನ್ನು ತೆರೆದು, ವೇತನದಿಂದ ಕಡಿತವಾದ ಮೊತ್ತ ಜಮೆಯಾಗಿದೆಯೇ ಎಂದು ನೋಡುವುದು.
2) ಹೆಸರು, ಜನ್ಮದಿನಾಂಕ ಹಾಗೂ ಸೇವೆಗೆ ಸೇರಿದ ದಿನಾಂಕಗಳನ್ನು ಪರಿಶೀಲಿಸಿ, ದೋಷವಿದ್ದಲ್ಲಿ ತಿದ್ದುಪಡಿಗೆ ಕೋರುವುದು.
3) ನಾಮನಿರ್ದೇಶನವನ್ನು ಜಾಲತಾಣದಲ್ಲಿ ದಾಖಲಿಸುವುದು. ಸದಸ್ಯರು ಅಕಾಲದಲ್ಲಿ ತೀರಿಕೊಂಡಲ್ಲಿ ಕುಟುಂಬದ ಅಲೆದಾಟವನ್ನು ಇದು ತಗ್ಗಿಸುತ್ತದೆ.
4) ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳುವುದು.

ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಸಾಮಾನ್ಯವಾಗಿ 10 ವರ್ಷಗಳ ಅರ್ಹ ಸೇವೆ ಹಾಗೂ 58 ವರ್ಷ ವಯಸ್ಸು ಮುಖ್ಯ. ಆದ್ದರಿಂದ ಈ ದೋಷಗಳನ್ನು ನಿವೃತ್ತಿಯ ವಾರದಲ್ಲಿ ಅಲ್ಲ, ಕೆಲವು ವರ್ಷ ಮೊದಲೇ ಸರಿಪಡಿಸಿಕೊಳ್ಳಬೇಕು. ದಾಖಲೆ ನೀಡಬೇಕಾದ ಉದ್ಯೋಗದಾತರು ಆಗ ಕೈಗೆ ಸಿಗುತ್ತಾರೆ. ನಿವೃತ್ತರಿಗೆ 2014ರ ನವೆಂಬರ್‌ನಲ್ಲಿ ಆರಂಭವಾದ ಜೀವನ್ ಪ್ರಮಾಣ್ ಸೇವೆಯು ಅಂಕೀಯ ಜೀವಂತ ಪ್ರಮಾಣಪತ್ರವನ್ನು ಒದಗಿಸುತ್ತದೆ. ದುಡಿದ ಕೈಗಳ ಬೆರಳಚ್ಚು ಸವೆದು ಯಂತ್ರ ಗುರುತಿಸದಿದ್ದಲ್ಲಿ, 2021ರಲ್ಲಿ ಜಾರಿಗೆ ಬಂದ ಮುಖ ಗುರುತಿಸುವ ವಿಧಾನವನ್ನು ಬಳಸಬಹುದು.

9. ದಾಖಲೆಗಳ ಸಂರಕ್ಷಣೆ

2005, 2019 ಹಾಗೂ 2021ರ ಕೃಷ್ಣಾ ಪ್ರವಾಹಗಳಲ್ಲಿ ನದಿತೀರದ ಮನೆಗಳಿಗೆ ನೀರು ನುಗ್ಗಿದುದು ಈ ಭಾಗದವರಿಗೆ ಹೊಸ ಸಂಗತಿಯಲ್ಲ. ಟ್ರಂಕಿನಲ್ಲಿ ಇಟ್ಟ ನೇಮಕಾತಿ ಪತ್ರ, ಅಂಕಪಟ್ಟಿ, ವೇತನಚೀಟಿಗಳು ನೀರಿನಲ್ಲಿ ಹಾಳಾದರೆ ಮರಳಿ ಪಡೆಯುವುದು ಪ್ರಯಾಸಕರ. ಇವುಗಳನ್ನು ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಬೇರೆ ಊರಿನ ಬಂಧುಗಳ ಬಳಿ, ಮತ್ತೊಂದನ್ನು 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಇರಿಸುವುದು ಒಳಿತು.

10. ಸುರಕ್ಷತೆ

ಗುಪ್ತಪದವನ್ನು ಸಹೋದ್ಯೋಗಿಗಾಗಲಿ, ಅಂಗಡಿಯವರಿಗಾಗಲಿ ನೀಡತಕ್ಕದ್ದಲ್ಲ. ಮೊಬೈಲಿಗೆ ಬರುವ ಓಟಿಪಿ ಎಂಬುದು ಸಹಿಗೆ ಸಮಾನ. ಅದನ್ನು ಹೇಳುವುದೆಂದರೆ ಬರಿದಾದ ಕಾಗದಕ್ಕೆ ಸಹಿ ಹಾಕಿದಂತೆ. ಅನ್ಯರ ಗುಪ್ತಪದವನ್ನು ವಂಚನೆಯ ಉದ್ದೇಶದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡಕ್ಕೆ ಗುರಿಯಾಗುವ ಅಪರಾಧ.

ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆಯಲ್ಲಿ 'ಡಿಜಿಟಲ್ ಬಂಧನ'ದ ಬೆದರಿಕೆ ಹಾಕುವವರು ವಂಚಕರು. ಅಂತಹ ಬಂಧನ ಕಾನೂನಿನಲ್ಲಿ ಇಲ್ಲ. ಹಣ ಕಳೆದುಕೊಂಡಲ್ಲಿ ನಾಚಿಕೆಪಡದೆ ತಕ್ಷಣವೇ 1930 ಸಂಖ್ಯೆಗೆ ಕರೆ ಮಾಡಬೇಕು. ದೂರು ಬೇಗ ದಾಖಲಾದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

11. ಹಿರಿಯ ನೌಕರರಿಗೆ ವಿಶೇಷ ಸಲಹೆಗಳು

1) ಅಕ್ಷರ ಸಣ್ಣದೆನಿಸಿದರೆ, ಜಾಲತಾಣ ನೋಡುವಾಗ ಕಂಟ್ರೋಲ್ ಕೀಲಿಯೊಂದಿಗೆ ಅಧಿಕ ಚಿಹ್ನೆಯನ್ನು ಒತ್ತಿ ದೊಡ್ಡದಾಗಿಸಬಹುದು.
2) ಮೌಸನ್ನು ಎರಡು ಬಾರಿ ಬೇಗ ಒತ್ತಲು ಕಷ್ಟವಾದಲ್ಲಿ ಸೆಟ್ಟಿಂಗ್ಸ್‌ನಲ್ಲಿ ಅದರ ವೇಗವನ್ನು ತಗ್ಗಿಸಬಹುದು. ಒಮ್ಮೆ ಒತ್ತಿ ಆರಿಸಿ, ಎಂಟರ್ ಕೀಲಿ ಒತ್ತಿದರೂ ಕಡತ ತೆರೆಯುತ್ತದೆ.
3) ಎರಡು ನೋಟದ ಕನ್ನಡಕ ಧರಿಸುವವರು ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿರಿಸಿದರೆ ಕತ್ತುನೋವು ಕಡಿಮೆಯಾಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ ದೂರ ನೋಡಿ ಕಣ್ಣಿಗೆ ವಿಶ್ರಾಂತಿ ನೀಡಬೇಕು.
4) ಕಲಿತ ಹಂತಗಳನ್ನು ಸ್ವಂತ ಅಕ್ಷರದಲ್ಲಿ ಚಿಕ್ಕ ವಹಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಗುಪ್ತಪದವನ್ನು ಮಾತ್ರ ಅದರಲ್ಲಿ ಬರೆಯಬಾರದು.
5) ತಪ್ಪಾದಲ್ಲಿ ಗಾಬರಿಗೊಳ್ಳಬಾರದು. ಕಂಟ್ರೋಲ್ ಕೀಲಿಯೊಂದಿಗೆ 'ಝಡ್' ಒತ್ತಿದರೆ ಬರವಣಿಗೆ ಹಾಗೂ ಲೆಕ್ಕದ ಹಾಳೆಗಳಲ್ಲಿ ಹಿಂದಿನ ಸ್ಥಿತಿ ಮರಳುತ್ತದೆ.
6) ಕಲಿಸುವ ಕಿರಿಯರು ತಾವೇ ಮೌಸ್ ಕಸಿದು ಕೆಲಸ ಮುಗಿಸಿಕೊಡಬಾರದು. ಹಿರಿಯರ ಕೈಯಿಂದಲೇ ಮಾಡಿಸಬೇಕು.

12. ತರಬೇತಿ ದೊರೆಯುವ ಸ್ಥಳಗಳು

ಸರ್ಕಾರಿ ನೌಕರರು ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯ ಅಧೀನದ ಜಿಲ್ಲಾ ತರಬೇತಿ ಸಂಸ್ಥೆಯ ಕಾರ್ಯಕ್ರಮಗಳಿಗೆ ಕಚೇರಿಯ ಮುಖ್ಯಸ್ಥರ ಮೂಲಕ ಹೆಸರು ಕಳುಹಿಸಬಹುದು. ಇತರರು ಕಿಯೋನಿಕ್ಸ್ ತರಬೇತಿ ಕೇಂದ್ರಗಳನ್ನು ಅಥವಾ ನೈಲಿಟ್ ಸಂಸ್ಥೆಯ 80 ಗಂಟೆಗಳ ಸಿಸಿಸಿ ಕೋರ್ಸನ್ನು ಪರಿಗಣಿಸಬಹುದು. ಗ್ರಾಮೀಣ ಪ್ರದೇಶದ 14ರಿಂದ 60 ವರ್ಷದವರಿಗೆ 20 ಗಂಟೆಗಳ ಉಚಿತ ತರಬೇತಿ ನೀಡುತ್ತಿದ್ದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು 2024ರ ಮಾರ್ಚ್‌ನಲ್ಲಿ ಮುಕ್ತಾಯಗೊಂಡಿದೆ. ಅದರ ಹೆಸರಿನಲ್ಲಿ ಈಗ ಯಾರಾದರೂ ನೋಂದಣಿ ಶುಲ್ಕ ಕೇಳಿದಲ್ಲಿ ಪಾವತಿಸಬಾರದು. ಖಾಸಗಿ ಕೇಂದ್ರಕ್ಕೆ ಸೇರುವ ಮುನ್ನ ಪ್ರಮಾಣಪತ್ರ ನೀಡುವ ಸಂಸ್ಥೆ ಯಾವುದು, ತಮ್ಮ ಉದ್ಯೋಗದಾತರು ಅದನ್ನು ಮಾನ್ಯ ಮಾಡುವರೇ ಎಂಬುದನ್ನು ವಿಚಾರಿಸತಕ್ಕದ್ದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇಂಗ್ಲಿಷ್ ಬಾರದವರು ಗಣಕಯಂತ್ರ ಕಲಿಯಬಹುದೇ?
ಉತ್ತರ: ಕಲಿಯಬಹುದು. ನಿತ್ಯ ಬಳಕೆಯ ಆಜ್ಞೆಗಳ ಪದಗಳನ್ನು ಗುರುತಿಸಿಕೊಂಡರೆ ಸಾಕಾಗುತ್ತದೆ. ಪತ್ರ ವ್ಯವಹಾರವನ್ನು ಕನ್ನಡದಲ್ಲಿಯೇ ಮಾಡಬಹುದು.

ಪ್ರಶ್ನೆ: ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ ಕಲಿಯುವುದರಿಂದ ಪ್ರಯೋಜನವೇನು?
ಉತ್ತರ: ಭವಿಷ್ಯನಿಧಿ, ಪಿಂಚಣಿ, ಜೀವಂತ ಪ್ರಮಾಣಪತ್ರ ಹಾಗೂ ಬ್ಯಾಂಕ್ ವ್ಯವಹಾರಗಳ ಅಗತ್ಯ ನಿವೃತ್ತಿಯ ನಂತರವೇ ಹೆಚ್ಚು. ಆಗ ಸಹಾಯಕ್ಕೆ ಕಚೇರಿಯ ಸಿಬ್ಬಂದಿ ಇರುವುದಿಲ್ಲ.

ಪ್ರಶ್ನೆ: ಅರ್ಜಿಯನ್ನು ಅಂಗಡಿಯಲ್ಲಿ ಮಾಡಿಸಿದರೆ ಆಗದೇ?
ಉತ್ತರ: ಮಾಡಿಸಬಹುದು. ಆದರೆ ನಮೂದಿಸಿದ ಮೊಬೈಲ್ ಸಂಖ್ಯೆ ಅರ್ಜಿದಾರರದೇ ಆಗಿರತಕ್ಕದ್ದು. ಸಲ್ಲಿಸುವ ಮುನ್ನ ಪರದೆಯ ಮೇಲಿನ ವಿವರಗಳನ್ನು ಸ್ವತಃ ಓದಿ, ಸ್ವೀಕೃತಿಯನ್ನು ಪಡೆದು, ಹೊರಡುವ ಮೊದಲು ಖಾತೆಯಿಂದ ನಿರ್ಗಮಿಸಿರುವುದನ್ನು ನೋಡಿಕೊಳ್ಳಬೇಕು.

ಸೂಚನೆ: ಪರೀಕ್ಷೆಯ ಕಾಲಮಿತಿ, ಶುಲ್ಕ ಹಾಗೂ ಅರ್ಹತಾ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ಇತ್ತೀಚಿನ ಆದೇಶವನ್ನು ಪರಿಶೀಲಿಸಿಕೊಳ್ಳಲು ಕೋರಲಾಗಿದೆ.