ಗೆಳೆಯನ ಬೇಕರಿಯಲ್ಲಿ ಗಡಿಯಾರ ಯಾರದು?

ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳಲ್ಲಿ ಅತಿ ಹೆಚ್ಚು ಬೈಸಿಕೊಂಡವು ಯಾವುವು ಅಂತ ಅಲ್ಲಿ ಕಾನೂನು ಓದಿದ ಯಾರನ್ನಾದರೂ ಕೇಳಿ. ಅವರು ಹೇಳುವ ನಾಲ್ಕೈದು ಹೆಸರುಗಳಲ್ಲಿ ಒಂದು ಬೇಕರಿ ಬರುತ್ತೆ. ಹೌದು, ಬೇಕರಿ. ದೊಡ್ಡ ಕಾರ್ಖಾನೆಯಲ್ಲ, ರೈಲ್ವೆ ಕಂಪನಿಯಲ್ಲ. ನ್ಯೂಯಾರ್ಕ್ ರಾಜ್ಯದ ಯುಟಿಕಾ ಅನ್ನೋ ಊರಿನಲ್ಲಿದ್ದ ‘ಲಾಕ್ನರ್ಸ್ ಹೋಮ್ ಬೇಕರಿ’. ಬೆರಳೆಣಿಕೆ ಜನ ಕೆಲಸ ಮಾಡುತ್ತಿದ್ದ ಪುಟ್ಟ ಅಂಗಡಿ. ಮಾಲೀಕ ಜೋಸೆಫ್ ಲಾಕ್ನರ್, ಬವೇರಿಯಾದಿಂದ ವಲಸೆ ಬಂದವನು. ಇವನಿಗೆ ಬಿದ್ದ ದಂಡ 50 ಡಾಲರ್. ಆ 50 ಡಾಲರ್ ದಂಡ ವಾಷಿಂಗ್ಟನ್ನಿನವರೆಗೆ ಹೋಗಿ, ಮುಂದಿನ 30 ವರ್ಷ ಇಡೀ ದೇಶದ ಕಾರ್ಮಿಕ ಕಾನೂನುಗಳ ಕುತ್ತಿಗೆ ಹಿಡಿದು ಕೂತಿತ್ತು.

ಅವನು ಮಾಡಿದ ತಪ್ಪೇನು? ತನ್ನ ಕೆಲಸಗಾರನೊಬ್ಬ ವಾರಕ್ಕೆ 60 ಗಂಟೆಗಿಂತ ಜಾಸ್ತಿ ದುಡಿಯಲು ಬಿಟ್ಟಿದ್ದು. ‘ಬಿಟ್ಟಿದ್ದು’ ಅನ್ನೋ ಪದವನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಿ. ಕಥೆಯೆಲ್ಲ ಇರೋದು ಅದರಲ್ಲೇ.

ನಾನು ಎಂಜಿನಿಯರಿಂಗ್ ಓದಿದವನು, ಒಲೆಯ ಮುಂದೆ ನಿಂತವನಲ್ಲ. ಆದರೆ ಬೇಕರಿಯನ್ನು ಒಂದು ಯಂತ್ರದ ಹಾಗೆ ಬಿಡಿಸಿ ನೋಡಿದರೆ ಒಂದು ವಿಷಯ ಥಟ್ಟನೆ ಕಣ್ಣಿಗೆ ಬೀಳುತ್ತೆ. ಅಲ್ಲಿ ಕೆಲಸದಷ್ಟೇ ಕಾಯುವಿಕೆಯೂ ಇದೆ. ಹಳೇ ಪದ್ಧತಿಯಲ್ಲಿ ಸಂಜೆ ಹಿಟ್ಟು, ನೀರು, ಈಸ್ಟ್ ಕಲಸಿ ಇಡಬೇಕು. ಗಂಟೆಗಟ್ಟಲೆ ಅದು ಹುದುಗಬೇಕು. ನಡುರಾತ್ರಿ ಎದ್ದು ಮತ್ತಷ್ಟು ಹಿಟ್ಟು ಸೇರಿಸಿ, ಮೊಣಕೈವರೆಗೂ ಕೈ ಹಾಕಿ ನಾದಬೇಕು. ಮತ್ತೆ ಉಬ್ಬಲು ಬಿಡಬೇಕು. ಆಮೇಲೆ ಒಲೆ. ಬೆಳಗ್ಗೆ ಗಿರಾಕಿ ಬಾಗಿಲು ತಟ್ಟುವ ಹೊತ್ತಿಗೆ ಬ್ರೆಡ್ ಬಿಸಿಯಾಗಿರಬೇಕು. ಈಸ್ಟ್ ಅನ್ನೋದು ಜೀವಿ, ಬೈದರೆ ಬೇಗ ಕೆಲಸ ಮಾಡಲ್ಲ, ಇನ್ಸೆಂಟಿವ್ ಕೊಟ್ಟರೂ ಮಾಡಲ್ಲ. ಹಾಗಾಗಿ ಮನುಷ್ಯನೇ ಅದರ ಪಕ್ಕ ಕಾಯಬೇಕು. ಆ ಕಾಯುವ ಹೊತ್ತಿನಲ್ಲೇ ಹರಟೆ, ನಗು, ಜಗಳ, ಊರಿನ ಸುದ್ದಿ, ಹಿಟ್ಟಿನ ಮೂಟೆಗೆ ಒರಗಿ ತೆಗೆಯೋ ತುಂಡು ನಿದ್ದೆ. ಬೇಕರಿಯ ಸ್ನೇಹ ಹುಟ್ಟೋದು ಅಲ್ಲಿ. ಬೇಕರಿಯ ಶೋಷಣೆ ಹುಟ್ಟೋದೂ ಅಲ್ಲೇ. ಯಾಕಂದ್ರೆ ಹಿಟ್ಟು ಉಬ್ಬುವವರೆಗೆ ಕೂತಿದ್ದು ಕೆಲಸದ ಲೆಕ್ಕಕ್ಕೆ ಬರುತ್ತಾ, ಇಲ್ವಾ? ಸಂಬಳ ಕೊಡೋನು ಬರಲ್ಲ ಅಂತಾನೆ. ನಿದ್ದೆಗೆಟ್ಟ ಕಣ್ಣು ಬರುತ್ತೆ ಅನ್ನುತ್ತೆ.

1890ರ ದಶಕದ ನ್ಯೂಯಾರ್ಕ್ ನಗರದಲ್ಲಿ ಬಹುತೇಕ ಬೇಕರಿಗಳು ಇದ್ದದ್ದು ಬಾಡಿಗೆ ಕಟ್ಟಡಗಳ ನೆಲಮಾಳಿಗೆಯಲ್ಲಿ. ಕಾರಣ ಸರಳ. ಬಾಡಿಗೆ ಕಡಿಮೆ, ಮತ್ತು ಒಲೆಯ ಭಾರ ತಡೆಯೋ ಗಟ್ಟಿ ನೆಲ ಅಲ್ಲಿ ಮಾತ್ರ ಸಿಗುತ್ತಿತ್ತು. ತಲೆ ತಾಗುವ ಚಾವಣಿ, ತಲೆಯ ಮೇಲೆ ಹಾದುಹೋದ ಚರಂಡಿ ಪೈಪು, ಗಾಳಿಯಿಲ್ಲ, ಬೆಳಕಿಲ್ಲ, ಉಸಿರು ತೆಗೆದರೆ ಹಿಟ್ಟಿನ ಧೂಳು. ವಾರಕ್ಕೆ 100 ಗಂಟೆ ದುಡಿಮೆ ಅನ್ನೋದು ಅಪರೂಪವಾಗಿರಲಿಲ್ಲ. 1894ರಲ್ಲಿ ಎಡ್ವರ್ಡ್ ಮಾರ್ಷಲ್ ಅನ್ನೋ ಪತ್ರಕರ್ತ ‘ನ್ಯೂಯಾರ್ಕ್ ಪ್ರೆಸ್’ ಪತ್ರಿಕೆಯಲ್ಲಿ ಈ ನೆಲಮಾಳಿಗೆಗಳ ಬಣ್ಣ ಬಯಲು ಮಾಡಿದ. ನಮ್ಮ ಕಸುಬಿನವನೇ, ಖುಷಿಯಾಗುತ್ತೆ. ಆದರೆ ಓದುಗರನ್ನು ಬೆಚ್ಚಿಬೀಳಿಸಿದ್ದು ಕೆಲಸಗಾರನ ಶ್ವಾಸಕೋಶಕ್ಕಿಂತ ಜಾಸ್ತಿ ತಾವು ತಿನ್ನೋ ಬ್ರೆಡ್ಡಿನಲ್ಲಿದ್ದ ಜಿರಲೆ ಅಂತ ನನಗೆ ಅನ್ನಿಸುತ್ತೆ. ಏನೇ ಇರಲಿ, 1895ರಲ್ಲಿ ಬೇಕರಿ ಕಾಯ್ದೆ ಬಂತು. ಶುಚಿತ್ವದ ನಿಯಮಗಳ ಜೊತೆಗೆ ಕೆಲಸಗಾರನಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಯ ಮಿತಿ. ಶಾಸನಸಭೆಯಲ್ಲಿ ಒಂದೇ ಒಂದು ವಿರೋಧದ ಮತ ಬೀಳಲಿಲ್ಲ.

ಈ ಕಾನೂನಿಗಾಗಿ ಗಂಟಲು ಹರಿದುಕೊಂಡವರಲ್ಲಿ ಮುಂಚೂಣಿಯಲ್ಲಿದ್ದವನು ಹೆನ್ರಿ ವೈಸ್‌ಮನ್. ಜರ್ಮನಿಯಿಂದ ಬಂದವನು, ಬೇಕರಿ ಕಾರ್ಮಿಕರ ಸಂಘದ ನಾಯಕ, ಸಂಘದ ಪತ್ರಿಕೆಯ ಸಂಪಾದಕ. ಈ ಹೆಸರು ನೆನಪಿರಲಿ.

ಈಗ ಯುಟಿಕಾಕ್ಕೆ ಬನ್ನಿ. ಟೀವಿಯಲ್ಲಾದರೆ ಎರಡು ನಿಮಿಷದೊಳಗೆ ಒಬ್ಬ ವಿಲನ್ ಸಿಗಬೇಕು, ಇಲ್ಲಾಂದ್ರೆ ಜನ ಚಾನೆಲ್ ಬದಲಾಯಿಸ್ತಾರೆ. ಆದರೆ ಲಾಕ್ನರ್ ಆ ಪಾತ್ರಕ್ಕೆ ಸರಿಯಾಗಿ ಹೊಂದಲ್ಲ. ತಾನೇ ಬೇರೆಯವರ ಒಲೆಯಲ್ಲಿ ವರ್ಷಗಟ್ಟಲೆ ದುಡಿದು ಆಮೇಲೆ ಸ್ವಂತ ಅಂಗಡಿ ಹಾಕಿದವನು. ಅವನ ಮೇಲೆ ಕೇಸು ಬಿದ್ದದ್ದು ಅಮನ್ ಷ್ಮಿಟರ್ ಅನ್ನೋ ಕೆಲಸಗಾರನ ವಿಷಯಕ್ಕೆ. ಷ್ಮಿಟರ್ ಏನು ಹೇಳಿದ? ಮಾಲೀಕ ಬಲವಂತ ಮಾಡಿಲ್ಲ, ನಾನೇ ಕೇಕ್ ಮಾಡೋದು ಕಲಿಯಲು ಹೆಚ್ಚು ಹೊತ್ತು ಉಳಿದೆ ಅಂತ ಅಫಿಡವಿಟ್ ಕೊಟ್ಟ.

ಇದನ್ನು ಸುಳ್ಳು ಅಂತ ತಳ್ಳಿಹಾಕೋದು ಸುಲಭ. ನಾನು ಹಾಕಲ್ಲ. ಸಣ್ಣ ಬೇಕರಿಯಲ್ಲಿ ಇವತ್ತಿನ ಕೆಲಸಗಾರ ನಾಳಿನ ಮಾಲೀಕ. ನಮ್ಮ ಅಯ್ಯಂಗಾರ್ ಬೇಕರಿಗಳನ್ನೇ ನೋಡಿ. ಹಾಸನ ಜಿಲ್ಲೆಯ ಹಳ್ಳಿಗಳಿಂದ ಬೆಂಗಳೂರಿಗೆ ಬಂದ ಕುಟುಂಬಗಳು. ಒಬ್ಬ ನೆಂಟನ ಒಲೆಯ ಮುಂದೆ ಇನ್ನೊಬ್ಬ ನೆಂಟ ನಿಂತು ಬನ್ನು, ಖಾರಾ ಬಿಸ್ಕತ್ತು, ದಿಲ್‌ಪಸಂದ್ ಕಲಿತು, ಆಮೇಲೆ ಬೇರೆ ಬಡಾವಣೆಯಲ್ಲಿ ತನ್ನದೇ ಬೋರ್ಡ್ ಹಾಕಿದ್ದರಿಂದಲೇ ಅವು ಮೂಲೆಮೂಲೆಗೆ ಹಬ್ಬಿದ್ದು. ಕಲಿಯೋನು ಗಂಟೆ ಎಣಿಸಲ್ಲ. ಕಲಿಸೋನೂ ಎಣಿಸಲ್ಲ. ಹಾಗಾದರೆ ಎಣಿಸೋರು ಯಾರು? ‘ಅಣ್ಣಾ, ಇವತ್ತು ಸಾಕು, ಹೊರಟೆ’ ಅಂತ ಹೇಳೋದು ಅಪರಿಚಿತ ಮಾಲೀಕನಿಗಿಂತ ಕೆಲಸ ಕಲಿಸಿದ ಗೆಳೆಯನಿಗೇ ಹೆಚ್ಚು ಕಷ್ಟ ಅನ್ನೋದು ಸಣ್ಣ ಅಂಗಡಿಯಲ್ಲಿ ನಿಂತ ಯಾರಿಗಾದರೂ ಗೊತ್ತು.

ಲಾಕ್ನರ್‌ಗೆ ಮೊದಲ ಸಲ 25 ಡಾಲರ್ ದಂಡ ಬಿದ್ದಿತ್ತು, ಅದನ್ನು ನುಂಗಿಕೊಂಡ. ಎರಡನೇ ಸಲ 50 ಡಾಲರ್. ಈ ಸಲ ಮೇಲ್ಮನವಿ. ರಾಜ್ಯದ ಒಂದು ಕೋರ್ಟಿನಲ್ಲಿ 3–2ರಿಂದ ಸೋತ. ರಾಜ್ಯದ ಅತ್ಯುನ್ನತ ಕೋರ್ಟಿನಲ್ಲಿ 4–3ರಿಂದ ಸೋತ. 1905ರ ಏಪ್ರಿಲ್ 17ರಂದು ಸುಪ್ರೀಂ ಕೋರ್ಟಿನಲ್ಲಿ 5–4ರಿಂದ ಗೆದ್ದ. ಕೂಡಿಸಿ ನೋಡಿ. ಕಾನೂನಿನ ಪರ 11 ನ್ಯಾಯಮೂರ್ತಿಗಳು, ವಿರುದ್ಧ 10. ಬಿದ್ದುಹೋದದ್ದು ಕಾನೂನು. ಇದು ತಾಂತ್ರಿಕವಾಗಿ ತಪ್ಪು ಲೆಕ್ಕ ಅಂತ ವಕೀಲ ಮಿತ್ರರು ನಗ್ತಾರೆ, ನಗಲಿ.

ಬಹುಮತದ ತೀರ್ಪು ಬರೆದ ರೂಫಸ್ ಪೆಕ್‌ಹ್ಯಾಮ್ ಅವರ ವಾದ ಇಷ್ಟು. ಬೇಕರಿಯವನೇನು ದಡ್ಡನಲ್ಲ, ಸರ್ಕಾರದ ಆಶ್ರಯದಲ್ಲಿರುವ ಮಗುವೂ ಅಲ್ಲ. ಎಷ್ಟು ಗಂಟೆ ದುಡಿಯಬೇಕು ಅನ್ನೋದು ಅವನಿಗೂ ಮಾಲೀಕನಿಗೂ ಬಿಟ್ಟ ಒಪ್ಪಂದ. ಕೇಳೋಕೆ ಎಷ್ಟು ಗೌರವದ ಮಾತು! ಭಿನ್ನಮತ ಬರೆದ ಜಾನ್ ಮಾರ್ಷಲ್ ಹಾರ್ಲನ್ ಮಾತ್ರ ಒಪ್ಪಂದದ ಕಾಗದ ಬಿಟ್ಟು ಮನುಷ್ಯನ ದೇಹ ನೋಡಿದರು. ಹಿಟ್ಟಿನ ಧೂಳು, ಒಲೆಯ ಝಳ, ರಾತ್ರಿ ನಿದ್ದೆಯಿಲ್ಲದ ಬದುಕು, ಬೇಕರಿ ಕೆಲಸಗಾರರು 50 ದಾಟೋದೇ ಅಪರೂಪ ಅಂತ ವೈದ್ಯಕೀಯ ಬರಹಗಳನ್ನು ಮುಂದಿಟ್ಟರು. ಆಲಿವರ್ ವೆಂಡೆಲ್ ಹೋಮ್ಸ್ ಪ್ರತ್ಯೇಕವಾಗಿ, ಬಹಳ ಚಿಕ್ಕದಾಗಿ ಬರೆದ ಭಿನ್ನಮತವೇ ಇವತ್ತು ಎಲ್ಲರಿಗಿಂತ ಪ್ರಸಿದ್ಧ. ಸಂವಿಧಾನ ಯಾವುದೋ ಒಂದು ಆರ್ಥಿಕ ಸಿದ್ಧಾಂತವನ್ನು ಜಾರಿ ಮಾಡಲು ಇರೋದಲ್ಲ ಅನ್ನೋದು ಅವರ ನಿಲುವು. ನನಗೆ ಹಾರ್ಲನ್ ಹೆಚ್ಚು ಇಷ್ಟ. ಅವರ ಬರಹದಲ್ಲಿ ಕೆಮ್ಮು ಕೇಳಿಸುತ್ತೆ.

ಈಗ ವೈಸ್‌ಮನ್. ಸುಪ್ರೀಂ ಕೋರ್ಟಿನಲ್ಲಿ ಲಾಕ್ನರ್ ಪರವಾಗಿ, ಅಂದರೆ 10 ಗಂಟೆಯ ಕಾನೂನಿನ ವಿರುದ್ಧವಾಗಿ, ವಾದ ಮಾಡಿದವರಲ್ಲಿ ಒಬ್ಬ ಯಾರು ಗೊತ್ತಾ? ಅದೇ ಹೆನ್ರಿ ವೈಸ್‌ಮನ್! ಸಂಘ ಬಿಟ್ಟಿದ್ದ, ತಾನೇ ಬೇಕರಿ ತೆರೆದಿದ್ದ, ಕಾನೂನು ಓದಿದ್ದ, ಮಾಲೀಕರ ಸಂಘದ ದನಿಯಾಗಿದ್ದ. ಗೆದ್ದ ಮೇಲೆ ಪತ್ರಿಕೆಯವರಿಗೆ ಅವನು ಕೊಟ್ಟ ವಿವರಣೆಯಲ್ಲಿ ಮುಚ್ಚುಮರೆ ಇರಲಿಲ್ಲ. ತಾನು ಮಾಲೀಕನಾದ ಮೇಲೆ ಆಲೋಚನೆಯೇ ಬದಲಾಯಿತು ಅಂದ. ದ್ರೋಹಿ ಅನ್ನಬಹುದು. ನನಗೆ ಅವನು ದ್ರೋಹಿಗಿಂತ ಹೆಚ್ಚು ಉಪಯುಕ್ತ ಸಾಕ್ಷಿಯಾಗಿ ಕಾಣಿಸ್ತಾನೆ. ಮನುಷ್ಯ ಅದೇ, ಒಲೆ ಅದೇ, ಹಿಟ್ಟು ಅದೇ. ನಿಂತ ಜಾಗ ಬದಲಾದರೆ 10 ಗಂಟೆಯ ಉದ್ದವೇ ಬದಲಾಗುತ್ತೆ. ಹೀಗಿರುವಾಗ ಗಂಟೆ ಅಳೆಯೋ ಕೆಲಸವನ್ನು ಮಾಲೀಕನ ಒಳ್ಳೇತನಕ್ಕೂ ಕೆಲಸಗಾರನ ಉತ್ಸಾಹಕ್ಕೂ ಬಿಡೋದು ಹೇಗೆ? ಇಬ್ಬರೂ ಒಳ್ಳೆಯವರೇ ಇರಬಹುದು. ಗಡಿಯಾರ ಅವರಿಬ್ಬರ ಆಚೆ ಗೋಡೆ ಮೇಲಿರಬೇಕು ಅನ್ನೋದಷ್ಟೇ ನನ್ನ ವಾದ. ಅಮೆರಿಕದ ಸುಪ್ರೀಂ ಕೋರ್ಟ್ ಆ ಹಾದಿಗೆ ಮರಳಿದ್ದು 1937ರಲ್ಲಿ, ಹೋಟೆಲೊಂದರ ಮಹಿಳಾ ಕೆಲಸಗಾರ್ತಿಯ ಕನಿಷ್ಠ ವೇತನದ ಕೇಸಿನಲ್ಲಿ.

ನೂರಿಪ್ಪತ್ತು ವರ್ಷ ಹಳೇ ಬೇಕರಿ ಕಥೆ ನಮಗ್ಯಾಕೆ ಅಂತೀರಾ? 2023ರಲ್ಲಿ ನಮ್ಮದೇ ಬೆಂಗಳೂರಿನ ಎನ್.ಆರ್. ನಾರಾಯಣಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ನಾವು ವಾರಗಟ್ಟಲೆ ಡಿಬೇಟ್ ಮಾಡಿದೆವು. ನೆಲಮಾಳಿಗೆಯ ಬೇಕರಿಗಳಿಗೆ 1895ರಲ್ಲಿ ಹಾಕಿದ ಮಿತಿ 60 ಅಂತ ಆ ದಿನ ಯಾರೂ ನೆನಪಿಸಲಿಲ್ಲ. ಇನ್ನೊಂದು ಸ್ವಾರಸ್ಯ ಕೇಳಿ. ನಮ್ಮ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಅಂತ ಮಿತಿ ಬರೆದುಕೊಂಡೇ ಬಂತು. ಅದೇ ಕಾಯ್ದೆ ‘ನೌಕರ’ ಅಂದರೆ ಯಾರು ಅಂತ ಹೇಳುವಾಗ ಮಾಲೀಕನ ಕುಟುಂಬದವರನ್ನು ಹೊರಗಿಟ್ಟಿದೆ. ಅಂದರೆ ಮನೆಯವರಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಯಾವುದಾದರೂ ಆಫೀಸಿನಲ್ಲಿ, ಬೇಕರಿಯಲ್ಲಿ, ನ್ಯೂಸ್ ರೂಮಿನಲ್ಲಿ ‘ಇಲ್ಲಿ ನಾವೆಲ್ಲ ಒಂದೇ ಫ್ಯಾಮಿಲಿ’ ಅಂತ ಯಾರಾದರೂ ಹೆಗಲ ಮೇಲೆ ಕೈ ಹಾಕಿದರೆ ನನಗೆ ತಕ್ಷಣ ಆ ಸಾಲು ನೆನಪಾಗುತ್ತೆ.

ಮಾಲೀಕನೂ ಕೆಲಸಗಾರನೂ ಪಕ್ಕಪಕ್ಕ ನಿಂತು ನಾದುವ ಅಂಗಡಿಯಲ್ಲಿ ಕೆಲಸಗಾರನನ್ನು ಮಾತ್ರ ಮನೆಗೆ ಕಳಿಸಿದರೆ ಏನಾಗುತ್ತೆ? ಮಾಲೀಕ ಒಬ್ಬನೇ ರಾತ್ರಿಯೆಲ್ಲ ದುಡೀತಾನೆ. ಅವನ ಬ್ರೆಡ್ ಬೆಳಗ್ಗೆ ಬಿಸಿಯಾಗಿರುತ್ತೆ. ಪಕ್ಕದ ಬೀದಿಯವನು ಅದನ್ನು ನೋಡಿ ತನ್ನ ಹುಡುಗರನ್ನು ವಾಪಸ್ ಕರೀತಾನೆ. ಕಾಯ್ದೆ ಕಾಗದದಲ್ಲೇ ಉಳಿಯುತ್ತೆ. ರಾತ್ರಿ ಕೆಲಸ ನಿಲ್ಲಿಸೋ ಪ್ರಯತ್ನ ಹೊಸದೇನಲ್ಲ. ಪ್ಯಾರಿಸ್ ಕಮ್ಯೂನ್ 1871ರ ಏಪ್ರಿಲ್ 20ರಂದೇ ಬೇಕರಿಗಳ ರಾತ್ರಿ ಪಾಳಿ ರದ್ದು ಮಾಡಿತ್ತು. ತಿಂಗಳು ಕಳೆದ ಮೇಲೆ ಕಮ್ಯೂನೇ ಉಳಿಯಲಿಲ್ಲ. 1925ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬೇಕರಿಗಳಿಗೆಂದೇ ಒಂದು ಒಡಂಬಡಿಕೆ ಮಾಡಿತು. ರಾತ್ರಿ ಹೊತ್ತು, ಸಾಮಾನ್ಯವಾಗಿ 11ರಿಂದ ಬೆಳಗಿನ ಜಾವ 5ರವರೆಗಿನ ಅವಧಿ ಸೇರಿದ ಕನಿಷ್ಠ 7 ಗಂಟೆ, ಬ್ರೆಡ್ ಮಾಡುವಂತಿಲ್ಲ. ಯಾರು ಮಾಡುವಂತಿಲ್ಲ ಅನ್ನೋದನ್ನೂ ಅದರ ಮೊದಲ ವಿಧಿಯಲ್ಲೇ ಬಿಡಿಸಿ ಬರೆದಿದ್ದಾರೆ: ಕೆಲಸಗಾರರು ಮಾತ್ರವಲ್ಲ, ಮಾಲೀಕರೂ ಸೇರಿ ಎಲ್ಲರೂ.